ಮುಂದಿನ ಸೀಟು

ಹೊರಡುವ ಹೊತ್ತಿಗೆ ಅಮ್ಮ ಕೇಳಿದ್ದು ತನ್ನ ಔಷಧಿಯ ಚೀಟಿಯನ್ನಲ್ಲ, ಕನ್ನಡಕವನ್ನೂ ಅಲ್ಲ. ಬಾಗಿಲಿನ ಚೌಕಟ್ಟನ್ನು ಎರಡು ಕೈಯಲ್ಲೂ ಹಿಡಿದು ನಿಂತು, ತಲೆ ಅಲುಗಿಸದೆ ಕಣ್ಣನ್ನು ಮಾತ್ರ ಅವನ ಕಡೆ ಹೊರಳಿಸಿ, "ಕವರ್ ಇಟ್ಕೊಂಡ್ಯೇನೋ?" ಎಂದಳು. ಕವರು ಜೇಬಿನಲ್ಲಿತ್ತು. ಅವನೇನೂ ಇಟ್ಟುಕೊಂಡಿರಲಿಲ್ಲ, ಹೆಂಡತಿ ಇಟ್ಟಿದ್ದಳು. ಮದುವೆಯಾದ ಇಪ್ಪತ್ತನಾಲ್ಕು ವರ್ಷದಿಂದ ಅವನು ಯಾವ ಕಾರು ಹತ್ತಿದರೂ ಅವಳು ನಾಲ್ಕು ಮಡಿಕೆ ಮಾಡಿದ ಪ್ಲಾಸ್ಟಿಕ್ ಕವರೊಂದನ್ನು ಅವನ ಅಂಗಿಯ ಜೇಬಿಗೆ ತುರುಕುತ್ತಾಳೆ. ತೂತು ಗೀತು ಇದೆಯೇ ಎಂದು ಮೊದಲು ಬಾಯಿಟ್ಟು ಊದಿ ನೋಡಿಯೇ ತುರುಕುತ್ತಾಳೆ. ಮಗ್ಗುಲು ಬದಲಿಸಿದರೆ ಸಾಕು ಗೋಡೆ, ಚಾವಣಿ, ಫ್ಯಾನು ಎಲ್ಲ ಗರಗರ ತಿರುಗುತ್ತವೆ ಎಂದು ಹನ್ನೊಂದು ದಿನದಿಂದ ಮಂಚದ ಅಂಚು ಹಿಡಿದು ಮಲಗಿದ್ದವಳು ಅಮ್ಮ. ಕಿವಿ ಡಾಕ್ಟರ ಹತ್ತಿರ ಹೋಗಬೇಕಾದವಳೂ ಅಮ್ಮನೇ. ಕವರು ಮಾತ್ರ ಅವನಿಗೆ.

ಟ್ಯಾಕ್ಸಿ ಬಂದಾಗ ಒಂದು ತಪ್ಪು ನಡೆದುಹೋಯಿತು, ತಪ್ಪೆಂದು ಯಾರಿಗೂ ತೋರದಂಥದ್ದು. ಡ್ರೈವರು ಮುಂದಿನ ಬಾಗಿಲು ತೆಗೆದು ಅಮ್ಮನ ಕಡೆ ನೋಡಿದ, ವಯಸ್ಸಾದವರು, ಸುಸ್ತಾದವರು ಮುಂದೆಯೇ ಕೂರಲಿ ಎಂದು. ಅಮ್ಮ, ಅಯ್ಯೋ ನನಗಲ್ಲಪ್ಪ, ನನ್ನ ಮಗನಿಗೆ ಹಿಂದೆ ಕೂತರೆ ಆಗುವುದಿಲ್ಲ ಎಂದಳು. ಬೇಡಮ್ಮ, ಇವತ್ತು ನೀನು ಕೂತುಕೋ ಎನ್ನಬೇಕೆಂದು ಅವನು ಬಾಯಿ ತೆರೆದ. ನಿಜವಾಗಿ ತೆರೆದ. ಆದರೆ ಮಾತು ಹೊರಬರುವ ಮೊದಲೇ ಕಾಲು ಒಳಗೆ ಹೋಗಿತ್ತು, ಬೆನ್ನು ಒರಗಿತ್ತು, ಕೈ ತನ್ನ ಪಾಡಿಗೆ ತಾನು ಬೆಲ್ಟೆಳೆದು ಸಿಕ್ಕಿಸಿತ್ತು. ಕನ್ನಡಿಯಲ್ಲಿ ನೋಡಿದರೆ, ಅಮ್ಮ ಹಿಂದಿನ ಸೀಟಿನ ಮೂಲೆಯಲ್ಲಿ ಕಣ್ಣು ಮುಚ್ಚಿ, ಕಿಟಕಿಯ ಮೇಲಿನ ಹಿಡಿಯನ್ನು ಹಿಡಿದು ಕುಳಿತಿದ್ದಾಳೆ. ಎಪ್ಪತ್ತಾರು ವರ್ಷದ ಆ ಕೈ ಅಷ್ಟು ಎತ್ತರಕ್ಕೆ ಏರಿದ್ದನ್ನು ಅವನು ಈಚೆಗೆ ನೋಡಿರಲಿಲ್ಲ. ಛೀ, ಇಳಿದುಬಿಡು ಈಗಲೇ ಎಂದುಕೊಂಡ. ಕಾರು ತಿರುವು ದಾಟಿತು, ಇನ್ನೊಂದು ತಿರುವೂ ದಾಟಿತು, ಅಷ್ಟರಲ್ಲಿ ಅವನಿಗೆ ಒಂದು ಆಕಳಿಕೆ ಬಂತು. ಬಂತು ಎನ್ನುವುದು ತಪ್ಪು. ಅವನು ತಂದುಕೊಂಡ. ಮೊದಲು ಆಕಳಿಕೆ, ಆಮೇಲೆ ಬಾಯಲ್ಲಿ ನೀರು, ಆಮೇಲೆ ಕಿಟಕಿಯ ಗಾಜು ಇಳಿಸಿ ದೂರದಲ್ಲೊಂದು ಕಡೆ ನೋಟ ನೆಡುವುದು: ಇದು ಕ್ರಮ. ಹಿಂದಿನಿಂದ ಅಮ್ಮ ಕಣ್ಣು ತೆರೆಯದೆಯೇ, "ಶುರುವಾಯ್ತಾ?" ಎಂದಳು, ತುಂಬ ಮೆತ್ತಗೆ.

ಅವನಿಗೆ ಜನ್ಮದಲ್ಲಿ ಒಂದು ಸಲವೂ ವಾಹನದಲ್ಲಿ ಹೊಟ್ಟೆ ತೊಳಸಿದ್ದಿಲ್ಲ. ಬಸ್ಸಿನಲ್ಲಿಲ್ಲ, ಕಾರಿನಲ್ಲಿಲ್ಲ, ಒಮ್ಮೆ ಕಂಪನಿಯವರು ತರಬೇತಿಗೆಂದು ಕಳಿಸಿದಾಗ ಹತ್ತಿದ ಹಡಗಿನಲ್ಲೂ ಇಲ್ಲ. ಆವತ್ತು ಡೆಕ್ಕಿನ ಮೇಲೆ ಗಂಡಸರು ಹೆಂಗಸರು ಸಾಲಾಗಿ ಕಟಕಟೆಗೆ ಜೋತುಬಿದ್ದು ಕರುಳೇ ಬಾಯಿಗೆ ಬರುವಂತೆ ಕಾರುತ್ತಿದ್ದರೆ, ಇವನು ಎರಡು ಮೊಟ್ಟೆ ಬ್ರೆಡ್ಡು ತಿಂದು ಬಾಯೊರೆಸಿಕೊಂಡ. ಇವನ ಕೆಲಸವೇ ಲಿಫ್ಟಿನದು. ಹಗಲೆಲ್ಲ ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ, ಕತ್ತಲಲ್ಲಿ, ಎಣ್ಣೆ ಮೆತ್ತಿದ ಹಗ್ಗಗಳ ನಡುವೆ ನಿಂತು ಹದಿನೆಂಟು ಅಂತಸ್ತು ಮೇಲೆ ಕೆಳಗೆ ಓಡಾಡುವವನು. ಹೊಸ ಲಿಫ್ಟು ಕೂರಿಸಿದ ಮೇಲೆ ಯಂತ್ರಗಳೆಲ್ಲ ಸರಿ ಎಂದರೂ ಇವನನ್ನು ಕರೆಸುತ್ತಾರೆ. ಇವನು ನೆಲದ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ, ಕಣ್ಣು ಮುಚ್ಚಿ, ಗುಂಡಿ ಒತ್ತುತ್ತಾನೆ. ನಾಣ್ಯ ಬೀಳದಿದ್ದರೂ, ಹೊರಡುವಾಗ ಒಂದು ಕೂದಲೆಳೆಯಷ್ಟು ಎಳೀತು, ಏಳನೇ ಅಂತಸ್ತಿನಲ್ಲಿ ನಿಲ್ಲುವಾಗ ನೆಲಕ್ಕಿಂತ ಎರಡು ಮಿಲಿಮೀಟರ್ ಕೆಳಗೆ ಕೂತಿತು ಎನ್ನುತ್ತಾನೆ. ಅಳೆದು ನೋಡಿದರೆ ಎರಡೇ ಇರುತ್ತದೆ. ಇವನ ಹೊಟ್ಟೆಯೊಳಗೆ ಯಾರೋ ಮೀಟರು ಕೂರಿಸಿದ್ದಾರೆ ಎಂದು ಜೊತೆಯವರು ತಮಾಷೆ ಮಾಡುತ್ತಾರೆ. ಇವನಿಗೆ ಗೊತ್ತಿದ್ದದ್ದು ಇಷ್ಟೇ: ದೇಹಕ್ಕೆ ತಿಳಿಯುವುದು ಹೊರಡುವುದು ಮತ್ತು ನಿಲ್ಲುವುದು. ನಡುವೆ ಒಂದೇ ವೇಗದಲ್ಲಿ ಹೋಗುತ್ತಿದ್ದರೆ, ಹೋಗುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಹಾಗೆ ಎಷ್ಟು ದೂರ ಬೇಕಾದರೂ ಹೋಗಿಬಿಡಬಹುದು.

ಮನೆಯಲ್ಲಿ ಮಾತ್ರ ಇವನು ವಾಂತಿರಾಯ. ಐವತ್ತೊಂದು ವರ್ಷದವನನ್ನು ದೊಡ್ಡಮ್ಮನ ಮಕ್ಕಳು ಈಗಲೂ ಫೋನಿನಲ್ಲಿ, ಏನೋ ವಾಂತಿರಾಯ ಎಂದೇ ಮಾತು ಶುರುಮಾಡುವುದು. ಮದುವೆಗೋ ತಿಥಿಗೋ ಎಲ್ಲರೂ ಸೇರಿ ಗಾಡಿ ಮಾಡಿಕೊಂಡು ಹೊರಟರೆ, ಮೊದಲು ಮುಂದಿನ ಸೀಟು ಇವನಿಗೆ ಎಂದು ತೆಗೆದಿಟ್ಟು ಆಮೇಲೆ ಉಳಿದವರ ಲೆಕ್ಕ. ಮಂಡಿ ನೋವಿನ ಅಪ್ಪ ಸಾಯುವ ತನಕ ಹಿಂದೆ ಕಾಲು ಮಡಿಸಿಕೊಂಡು ಕುಳಿತ. ಅಷ್ಟೆಲ್ಲ ಲಿಫ್ಟಿನಲ್ಲಿ ಕುಣಿಯುವವನಿಗೆ ಕಾರಿನಲ್ಲಿ ಹೇಗಪ್ಪ ಎಂದು ಯಾರಾದರೂ ಕೇಳಿದರೆ, ಲಿಫ್ಟು ನೆಟ್ಟಗೆ ಹೋಗುತ್ತೆ, ಕಾರು ಬಾಗುತ್ತೆ ಎಂಬ ಉತ್ತರ ಇವನ ನಾಲಗೆಯ ತುದಿಯಲ್ಲೇ ಇತ್ತು. ಎಲ್ಲರೂ ತಲೆದೂಗುತ್ತಿದ್ದರು. ತಂಗಿಯ ವಿಷಯ ನೆನೆದರೆ ಇವನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಅವಳಿಗೆ ನಿಜವಾಗಿ ಆಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮುಖ ಬಿಳಿಚಿ, ಬೆವತು, ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು ಐದು ವರ್ಷದ ಹುಡುಗಿ, ತಡೆಯಲಾಗದೆ ತನ್ನ ಫ್ರಾಕಿನ ಮೇಲೆಯೇ ಮಾಡಿಕೊಳ್ಳುತ್ತಿದ್ದಳು. ಅಣ್ಣನನ್ನು ನೋಡಿ ಇವಳೂ ಕಲಿತಳು, ನಕಲಿ ನಾಟಕ ಎಂದು ಬೈಯುತ್ತಿದ್ದರು. ಬೈಸಿಕೊಂಡು ಅವಳು ಮುಂದಿನ ಸೀಟಿನ ಕಡೆ ನೋಡುತ್ತಿದ್ದಳು, ಇವನು ಕಿಟಕಿಯಾಚೆ ನೋಡುತ್ತಿದ್ದ. ಆಕಳಿಕೆ ಮೊದಲು, ಬಾಯಲ್ಲಿ ನೀರು ಆಮೇಲೆ ಎಂಬ ಕ್ರಮವನ್ನು ಇವನು ಕಲಿತದ್ದು ಅವಳನ್ನು ನೋಡಿಯೇ.

ಡ್ರೈವರು ಹಂಪಿನ ಮೇಲೆ ನಿಧಾನ ಮಾಡಿದ. ಹಿಂದೆ ಅಮ್ಮ ಒಮ್ಮೆ ಸಣ್ಣಗೆ ನರಳಿದಳು. ನಲವತ್ತೆರಡು ವರ್ಷದ ಹಿಂದೆ ಒಂದು ದಿನ ಬಸ್ಸಿನಲ್ಲೂ ಅವಳು ಕಿಟಕಿಯ ಪಕ್ಕ ಹೀಗೆಯೇ, ಹಂಪು ಬಂದಾಗಲೆಲ್ಲ ಉಸಿರು ಹಿಡಿದು ಕುಳಿತಿದ್ದಳು, ಬಸ್ಸು ಇನ್ನಷ್ಟು ಬೇಗ ಹೋಗಲಿ ಎಂದು. ತನ್ನ ಅಮ್ಮನಿಗೆ ಕಾಯಿಲೆ ಜೋರಾಗಿದೆ, ತಕ್ಷಣ ಬಾ ಎಂದು ಸುದ್ದಿ ಬಂದಿತ್ತು. ಅಪ್ಪ ಊರಲ್ಲಿರಲಿಲ್ಲ. ತಂಗಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಒಂಬತ್ತು ವರ್ಷದ ಇವನಿಗೆ ಒಂದು ಲೋಟ ಬಿಸಿ ಹಾಲು ಕುಡಿಸಿ, ಕೈ ಹಿಡಿದು ಎಳೆದುಕೊಂಡು ಬಂದಿದ್ದಳು. ಇವನಿಗೆ ಹೋಗಲು ಮನಸ್ಸಿರಲಿಲ್ಲ. ಹಿಂದಿನ ಸಲ ಹೋದಾಗ ಅಜ್ಜಿಯ ಮಂಚದ ಪಕ್ಕ ಇವನನ್ನು ಕೂರಿಸಿದ್ದರು. ಅಜ್ಜಿ ಕಣ್ಣು ತೆರೆಯದೆಯೇ ಇವನ ಮಣಿಕಟ್ಟು ಹಿಡಿದವಳು ಬಿಡಲೇ ಇಲ್ಲ. ನಿದ್ದೆ ಹೋದರೂ ಬಿಡಲಿಲ್ಲ. ಒಂದೊಂದೇ ಬೆರಳನ್ನು ಬಿಡಿಸಿ ದೊಡ್ಡಮ್ಮ ಇವನನ್ನು ಎತ್ತಿಕೊಳ್ಳಬೇಕಾಯಿತು. ಆ ಬೆರಳುಗಳು ಮತ್ತೆ ಬೇಡವಾಗಿದ್ದವು, ಅಷ್ಟೇ. ಬಸ್ಸಿನಲ್ಲಿ ಮೂರು ಸೀಟು ಮುಂದೆ ಒಂದು ಮಗು ವಾಂತಿ ಮಾಡಿತು. ಬಸ್ಸು ನಿಂತಿತು. ಅಷ್ಟೊಂದು ದೊಡ್ಡ ಬಸ್ಸು ಒಂದು ಸಣ್ಣ ಮಗುವಿಗಾಗಿ ನಿಂತಿದ್ದನ್ನು ಇವನು ಕಣ್ಣರಳಿಸಿ ನೋಡಿದ. ಮತ್ತೆ ಹೊರಟು ಸ್ವಲ್ಪ ಹೊತ್ತಿಗೆ, ಅಮ್ಮ ಹೊದಿಸಿದ ಶಾಲಿನ ಒಳಗೆ, ಯಾರಿಗೂ ಕಾಣದಂತೆ, ಎರಡು ಬೆರಳನ್ನು ಗಂಟಲಿನ ತನಕ ತೂರಿಸಿದ. ಹಾಲೆಲ್ಲ ಹೊರಬಂತು. ಅಮ್ಮನ ಮಡಿಲು, ಮುಂದಿನವರ ಚೀಲ, ಕೆಳಗೆಲ್ಲ. ಈ ಸಲ ಕಂಡಕ್ಟರಿಗೆ ತಾಳ್ಮೆ ಇರಲಿಲ್ಲ. ಇಳಿದು ತೊಳೆದುಕೊಂಡು ಹಿಂದೆ ಬರುವ ಬಸ್ಸಿಗೆ ಬನ್ನಿ ಎಂದ. ಅವರು ಇಳಿದರು, ಬಸ್ಸು ಹೊರಟುಹೋಯಿತು. ಧೂಳು ಇಳಿದ ಮೇಲೆ ಅಮ್ಮ ಇವನ ಕೆನ್ನೆಗೆ ಒಂದೇಟು ಕೊಟ್ಟಳು, ಒಂದೇ ಒಂದು. ಆಮೇಲೆ ಅದೇ ಕೈಯಿಂದ ಬಾಯಿ ಒರೆಸಿದಳು.

ಆ ಇನ್ನೊಂದು ಬಸ್ಸು ಬಂದದ್ದು ಎರಡೂವರೆ ಗಂಟೆಯ ಮೇಲೆ. ಆ ಎರಡೂವರೆ ಗಂಟೆ ಇವನು ಮೋರಿಯ ಕಟ್ಟೆಯ ಮೇಲೆ ಅಮ್ಮನ ಒದ್ದೆ ಮಡಿಲಲ್ಲಿ ತಲೆಯಿಟ್ಟು, ಹೋಗುವ ಬರುವ ಲಾರಿಗಳನ್ನು ಎಣಿಸಿದ. ಸುಖವಾಗಿದ್ದ. ಮುಚ್ಚಿಡುವುದೇನು, ತುಂಬ ಸುಖವಾಗಿದ್ದ; ಅಷ್ಟು ಹೊತ್ತು ಅಮ್ಮ ಬೇರೆ ಯಾವ ಕೆಲಸವೂ ಇಲ್ಲದೆ ಇವನ ತಲೆ ಸವರುತ್ತ ಕುಳಿತದ್ದು ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ. ಅಜ್ಜಿಯ ಮನೆ ಮುಟ್ಟಿದಾಗ ಬಾಗಿಲ ಹೊರಗೆ ರಾಶಿ ಚಪ್ಪಲಿಗಳು. ದೊಡ್ಡಮ್ಮ ಹೊಸಿಲಲ್ಲಿ ನಿಂತು, ಜೀವ ಹೋಗಿ ಅರ್ಧ ಗಂಟೆ ಆಯಿತು, ಕೊನೆಯ ತನಕ ಬಾಗಿಲ ಕಡೆಯೇ ನೋಡುತ್ತಿದ್ದಳು ಎಂದಳು. ಅಮ್ಮ ಇವನನ್ನು ಮುಂದಕ್ಕೆ ತಳ್ಳಿ, ಮಗುವಿಗೆ ದಾರಿಯಲ್ಲಿ ವಾಂತಿ ಅಂತ... ಎಂದು ಏನೋ ಹೇಳಲು ಹೋದಳು. "ನಿಂದು ಯಾವಾಗ್ಲೂ ಒಂದು ನೆಪ," ಎಂದಳು ದೊಡ್ಡಮ್ಮ. ನೆಪವೇ ಅದು, ದೊಡ್ಡಮ್ಮ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಯಾರದೆಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಂದ ವಾಪಸು ಬರುವಾಗ ಬಸ್ಸಿನಲ್ಲಿ ಇವನು ಮತ್ತೆ ವಾಂತಿ ಬರುವಂತೆ ನಟಿಸಿದ. ಒಂದು ಸಲ ಆಗಿ ಮತ್ತೆ ಆಗದೇ ಇದ್ದರೆ, ಅದು ಆವತ್ತು ಮಾತ್ರ ಹೇಗಾಯಿತು ಎಂದು ಯಾರಾದರೂ ಕೇಳಬಹುದಲ್ಲ. ಹಾಗೆ ಶುರುವಾಯಿತು.

ಕಿವಿ ಡಾಕ್ಟರು ಇವನ ಮಗಳಾಗುವಷ್ಟು ಚಿಕ್ಕವಳು. ಅಮ್ಮನನ್ನು ಎತ್ತರದ ಮಂಚದ ಮೇಲೆ ಕೂರಿಸಿ, ನೀವು ತಿರುಗ್ತೀರೋ, ಮನೆ ತಿರುಗುತ್ತೋ ಎಂದು ಕೇಳಿದಳು. "ನಾನು ಇದ್ದಲ್ಲೇ ಇರ್ತೀನಮ್ಮ, ಮನೇನೇ ನನ್ನ ಬಿಟ್ಟು ಓಡುತ್ತೆ," ಎಂದಳು ಅಮ್ಮ. ಡಾಕ್ಟರು ನಕ್ಕು, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಎಂದು ಬರೆದುಕೊಂಡಳು. ಕಿವಿಯ ಒಳಗೆ ಸಣ್ಣ ಸಣ್ಣ ಸುಣ್ಣದ ಹರಳುಗಳಿರುತ್ತವಂತೆ, ನಾವು ಬಾಗಿದೆವೋ ನೆಟ್ಟಗಿದ್ದೇವೋ ಎಂದು ತಿಳಿಸುವುದಕ್ಕೆ. ವಯಸ್ಸಾದ ಮೇಲೆ ಒಂದೆರಡು ಜಾಗ ಬಿಟ್ಟು ಪಕ್ಕದ ಕೊಳವೆಗೆ ಜಾರುತ್ತವಂತೆ. ಆಮೇಲೆ ತಲೆ ಇಷ್ಟೇ ತಿರುಗಿದರೂ ಕಿವಿ ಅಷ್ಟೊಂದು ತಿರುಗಿದೆ ಎಂದು ಸುಳ್ಳು ಹೇಳುತ್ತದೆ. ಔಷಧಿ ಬೇಡ, ತಲೆಯನ್ನು ಹೀಗೆ ಹೀಗೆ ಹೊರಳಿಸಿ ಹರಳನ್ನು ವಾಪಸು ಕಳಿಸೋಣ ಎಂದಳು. ಅಮ್ಮನ ತಲೆಯನ್ನು ಬಲಕ್ಕೆ ತಿರುಗಿಸಿ ಹಿಡಿದು, ಸರಕ್ಕನೆ ಹಿಂದಕ್ಕೆ ಮಲಗಿಸಿದಳು. ತಲೆ ಮಂಚದ ಅಂಚಿನಿಂದ ಕೆಳಗೆ ಜೋತಿತು. ಅಮ್ಮನ ಕಣ್ಣುಗಳು ಪಟಪಟ ಒಂದೇ ಕಡೆಗೆ ಹೊಡೆದುಕೊಳ್ಳತೊಡಗಿದವು; ಇವನು ಮುಖ ತಿರುಗಿಸಬೇಕೆಂದುಕೊಂಡು ತಿರುಗಿಸಲಾಗದೆ ನೋಡಿದ. ಅಷ್ಟರಲ್ಲಿ ಅವಳ ಕೈ ಗಾಳಿಯಲ್ಲಿ ತಡಕಾಡಿ ಇವನ ಮಣಿಕಟ್ಟನ್ನು ಹಿಡಿಯಿತು. ಅದೇ ಜಾಗದಲ್ಲಿ, ಅಷ್ಟೇ ಬಿಗಿಯಾಗಿ. ಬಿಡಬೇಡ ಕಣೋ, ಬೀಳ್ತೀನಿ ಎಂದಳು. ಇವನು ಬಿಡಲಿಲ್ಲ. ಮೂವತ್ತು ಎಣಿಸುವಷ್ಟರಲ್ಲಿ ಕಣ್ಣುಗಳು ನಿಂತವು. ಡಾಕ್ಟರು ತಲೆಯನ್ನು ಎಡಕ್ಕೆ, ಆಮೇಲೆ ಇಡೀ ಮೈಯನ್ನು ಮಗ್ಗುಲಿಗೆ, ಆಮೇಲೆ ಮೆಲ್ಲಗೆ ಮೇಲಕ್ಕೆ ತಂದು ಕೂರಿಸಿದಳು. ಎರಡು ದಿನ ಬಗ್ಗಬಾರದು, ಗಾಡಿಯಲ್ಲಿ ಪಕ್ಕಕ್ಕೆ ಯಾರಾದರೂ ಕೂತು ತಲೆ ಅಲುಗಾಡದಂತೆ ನೋಡಿಕೊಳ್ಳಬೇಕು ಎಂದು ಹೇಳಿ, ಮನೆಯಲ್ಲಿ ಮಾಡುವ ವ್ಯಾಯಾಮದ ಚಿತ್ರಗಳಿದ್ದ ಹಾಳೆಯನ್ನು ಇವನ ಕೈಗಿಟ್ಟಳು.

ಅಲ್ಲಿಗೆ ಮುಗಿಯಬೇಕಿತ್ತು. ಅಮ್ಮ ಸುಮ್ಮನಿರಬೇಕಲ್ಲ. ನಂದಿರಲಿ, ಇವನಿಗೊಂದು ಏನಾದರೂ ಮಾಡಮ್ಮ, ಒಂಬತ್ತನೇ ವರ್ಷದಿಂದ ಪಾಪ ನರಳುತ್ತಿದ್ದಾನೆ ಎಂದು ಡಾಕ್ಟರ ಕೈ ಹಿಡಿದುಕೊಂಡಳು. ಡಾಕ್ಟರು ಇವನ ಕೆಲಸವೇನೆಂದು ಕೇಳಿದಳು. ಲಿಫ್ಟು ಎಂದಾಗ ಹುಬ್ಬೇರಿಸಿದಳು. ಸುಮ್ಮನೆ ನೋಡೋಣ ಎಂದು ಇವನನ್ನು ದಪ್ಪ ಸ್ಪಂಜಿನ ಮೇಲೆ ಒಂಟಿಕಾಲಲ್ಲಿ ನಿಲ್ಲಿಸಿ ಕಣ್ಣು ಮುಚ್ಚಿಸಿದಳು. ಸ್ವಲ್ಪ ಓಲಾಡಿದರೆ ಸಾಕಿತ್ತು, ಅಷ್ಟು ನಾಟಕ ಇವನಿಗೆ ಬರುತ್ತಿರಲಿಲ್ಲವೇ? ಆದರೆ ಇವನ ಮೈ ಆ ಒಂದು ವಿಷಯದಲ್ಲಿ ಸುಳ್ಳು ಹೇಳಲು ಒಪ್ಪಲಿಲ್ಲ, ಕಂಬದಂತೆ ನಿಂತುಬಿಟ್ಟ. ನಿಮ್ಮಂಥ ಕಿವಿ ನಾನು ನೋಡೇ ಇಲ್ಲ ಎಂದಳು ಡಾಕ್ಟರು. ಗಾಡಿಯಲ್ಲಿ ಕಣ್ಣು ಒಂದು ಹೇಳುತ್ತದೆ, ಕಿವಿ ಒಂದು ಹೇಳುತ್ತದೆ, ಎರಡು ಸಾಕ್ಷಿ ಕೂಡಿಬರದಿದ್ದಾಗ ಹೊಟ್ಟೆ ತೊಳಸುತ್ತದೆ, ಎಷ್ಟೋ ಜನಕ್ಕೆ ಐವತ್ತರ ಮೇಲೆ ತಾನಾಗಿಯೇ ಹೋಗುತ್ತದೆ, ನಿಮಗೂ ಹೋಗಿರಬಹುದು ಎಂದು ಇವನ ಮುಖವನ್ನೇ ನೋಡಿದಳು. ಗೊತ್ತಾಗಿಹೋಯಿತೇನೋ ಇವಳಿಗೆ. ಎಂಥ ಸಲೀಸು ದಾರಿ ಅದು. ಹೌದು, ಈಚೆಗೆ ಹೋಗಿದೆ ಅನ್ನಿಸುತ್ತೆ ಎಂದುಬಿಟ್ಟರೆ ನಾಳೆಯಿಂದ ಕವರಿಲ್ಲ, ಆಕಳಿಕೆಯಿಲ್ಲ, ಮುಂದಿನ ಸೀಟಿಲ್ಲ. "ಇಲ್ಲ, ಬೆಳಿಗ್ಗೆ ಬರುವಾಗ್ಲೂ ಆಯ್ತು," ಎಂದ. ಅಮ್ಮ ಹೌದೆಂದು ತಲೆಯಾಡಿಸಲು ಹೋಗಿ, ತಲೆ ಅಲುಗಿಸಬಾರದೆಂದು ನೆನಪಾಗಿ ನಿಲ್ಲಿಸಿದಳು.

ಕಾಲು ಗಂಟೆ ಹೊರಗೆ ಕೂತು ಹೋಗಿ ಎಂದಿದ್ದರು. ಉದ್ದದ ಪಡಸಾಲೆಯಲ್ಲಿ ನೆಲ ಒರೆಸುವ ಹೆಂಗಸು ಬಕೀಟನ್ನು ಕಾಲಲ್ಲಿ ಸರಿಸುತ್ತ ಅವರ ತನಕ ಬಂದು, ಕಾಲೆತ್ತಿ ಎಂದು ಒರೆಸಿಕೊಂಡು ಹೋದಳು. ಅವಳು ದೂರ ಹೋಗುವ ತನಕ ಅಮ್ಮ ಕಾದಳು.

"ಈಗ ಗೊತ್ತಾಯ್ತು ಕಣೋ ನಂಗೆ," ಎಂದಳು.

"ಏನು?"

"ನಿಂಗೆ ಎಷ್ಟು ಕಷ್ಟ ಆಗ್ತಿತ್ತು ಅಂತ. ಹನ್ನೊಂದು ದಿನಕ್ಕೇ ನಾನು ಸಾಕಪ್ಪ ಸಾಕು ಅಂತಿದೀನಿ. ಆವತ್ತು ನಾನು ನಿನ್ನ ಹೊಡೆದೆ. ನೆನಪಿದ್ಯಾ? ಬಸ್ ಹೋದ್ಮೇಲೆ."

ಇವನು ಇಲ್ಲ ಎಂದ.

"ನಂಗೆ ನೆನಪಿದೆ. ಬೇಡ ಬೇಡ ಅಂದ್ರೂ ಹಾಲು ಕುಡಿಸಿದ್ದು ನಾನು. ಕುಡಿಸಿದ್ದೂ ನಾನೇ, ಹೊಡೆದಿದ್ದೂ ನಾನೇ. ಅಮ್ಮನ ಮುಖ ನೋಡೋಕಾಗ್ಲಿಲ್ಲ ಅನ್ನೋ ಸಿಟ್ಟು ನಿನ್ನ ಮೇಲೆ ಎಷ್ಟೋ ವರ್ಷ ಇತ್ತು ಕಣೋ, ಹೇಳ್ಕೊಂಡಿಲ್ಲ ಅಷ್ಟೇ. ಕ್ಷಮಿಸಿಬಿಡು."

ಅವಳ ಕಣ್ಣಲ್ಲಿ ನೀರಿತ್ತು. ಬಗ್ಗಬಾರದೆಂದು ನೆಟ್ಟಗೆ ಕುಳಿತೇ ಅತ್ತಳು, ನೀರು ಗಲ್ಲದ ತನಕ ಇಳಿದು ತೊಟ್ಟಿಕ್ಕಿತು. ಇವನು ಕೈಯಲ್ಲಿದ್ದ ಹಾಳೆಯನ್ನು ನೋಡಿದ. ಗೆರೆಯಲ್ಲಿ ಬರೆದ ಒಬ್ಬ ಮನುಷ್ಯ ಒಂದನೇ ಚಿತ್ರದಲ್ಲಿ ಕುಳಿತಿದ್ದ, ಎರಡನೆಯದರಲ್ಲಿ ಮಲಗಿದ್ದ, ಮುಖವಿರಲಿಲ್ಲ. ಹೇಳಬೇಕು. ಇಲ್ಲೇ ಹೇಳಬೇಕು. ಅಕ್ಕನ ಬಾಯಲ್ಲಿ ನೆಪ ಎಂದು ಕೇಳಿಸಿಕೊಂಡು, ನಲವತ್ತೆರಡು ವರ್ಷ ಒಂದು ಲೋಟ ಹಾಲಿನ ಅಪರಾಧ ಹೊತ್ತು, ಈಗ ತನ್ನ ಹತ್ತಿರವೇ ಕ್ಷಮೆ ಕೇಳಿದಳಲ್ಲ, ಇನ್ನೂ ಬಾಯಿ ಬಿಡದಿದ್ದರೆ ತಾನು ಎಂಥ ಮನುಷ್ಯ? ಟ್ಯಾಕ್ಸಿ ಬಂದಿದೆ ಎಂದು ಫೋನು ಹೊಡೆದುಕೊಂಡಿತು. ಅಮ್ಮನ ತೋಳು ಹಿಡಿದು ಎಬ್ಬಿಸಿದ.

ಈ ಸಲ ಅವಳನ್ನು ಮೆಲ್ಲಗೆ ಹಿಂದೆ ಕೂರಿಸಿ ಇವನೂ ಪಕ್ಕಕ್ಕೆ ಹತ್ತಿದ. ಮುಂದೆ ಹೋಗೋ, ಒದ್ದಾಡ್ತೀಯ ಎಂದಳು. ಡಾಕ್ಟರು ಹೇಳಿದ್ದಾರಲ್ಲ ಎಂದು ಅವಳ ತಲೆಯ ಹಿಂದೆ ತನ್ನ ಅಂಗೈ ಇಟ್ಟ. ಕೂದಲು ತೆಳುವಾಗಿ, ತಲೆ ಬೆಚ್ಚಗಿತ್ತು. ಹಿಂದಿನ ಸೀಟಿನಿಂದ ರಸ್ತೆ ಕಾಣುತ್ತಿರಲಿಲ್ಲ. ಎದುರಿಗೆ ಸೀಟಿನ ಬೆನ್ನು, ಪಕ್ಕದಲ್ಲಿ ಅಮ್ಮನ ಕಿವಿ. ತೊಡೆಯ ಮೇಲಿನ ಹಾಳೆಯ ಮೇಲೆ ಕಣ್ಣಿಟ್ಟುಕೊಂಡೇ ಇವನು ಹೇಳಿದ.

"ಅಮ್ಮ, ಆವತ್ತು ನಂಗೆ ವಾಂತಿ ಬಂದಿರ್ಲಿಲ್ಲ. ಬಾಯಿಗೆ ಬೆರಳು ಹಾಕ್ಕೊಂಡೆ. ಅಜ್ಜಿ ಹತ್ರ ಹೋಗೋಕೆ ಭಯ ಆಗಿತ್ತು. ದೊಡ್ಡಮ್ಮ ನೆಪ ಅಂದ್ಲಲ್ಲ, ನೆಪಾನೇ ಅದು. ನಿಂದಲ್ಲ, ನಂದು. ನಂಗೆ ಇವತ್ತಿನ ತನಕ ಯಾವ ಗಾಡೀಲೂ ಏನೂ ಆಗಿಲ್ಲ."

ಕಾರು ಒಂದು ಹಂಪು ದಾಟಿತು. ಸಿಗ್ನಲ್ಲಿನಲ್ಲಿ ನಿಂತು ಹೊರಟಿತು. ಹೊರಟದ್ದನ್ನು ಇವನು ಅಂಗಾಲಿನಲ್ಲಿ ತಿಳಿದ. ಅಮ್ಮ ಇವನ ಮಂಡಿಯ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದಳು.

"ನಾನು ಅತ್ತಿದ್ದಕ್ಕೆ ಇಷ್ಟೆಲ್ಲ ಕಟ್ಟಿ ಹೇಳ್ಬೇಕೇನೋ? ಮೊದಲಿಂದಲೂ ಹೀಗೇ ನೀನು. ಯಾರ ಮನಸ್ಸೂ ನೋಯಬಾರದು ನಿಂಗೆ."

"ನಿಜ ಅಮ್ಮ. ಸತ್ಯವಾಗ್ಲೂ."

"ಆಯ್ತು, ಆಯ್ತು. ಮಾತಾಡ್ಬೇಡ, ಆಯಾಸ ಆಗುತ್ತೆ. ಹೊರಗೆ ನೋಡು."

ಇನ್ನೊಮ್ಮೆ ಹೇಳಬೇಕೆಂದು ಬಾಯಿ ತೆರೆದ. ಬಂದದ್ದು ಆಕಳಿಕೆ. ಅದನ್ನು ಇವನು ತಂದುಕೊಂಡಿರಲಿಲ್ಲ. ಇದೇನಿದು ಎಂದುಕೊಳ್ಳುವಷ್ಟರಲ್ಲಿ ಕತ್ತಿನ ಹಿಂದೆ ತಣ್ಣಗೆ ಬೆವರೊಡೆಯಿತು, ಹಾಳೆಯ ಮೇಲಿನ ಮನುಷ್ಯರು ಒಬ್ಬರ ಮೇಲೊಬ್ಬರು ತೇಲಿದರು, ಬಾಯಿ ತುಂಬ ನೀರು. ಇಷ್ಟು ವರ್ಷ ಮಾಡಿದ್ದೆಲ್ಲ ತಪ್ಪು ಎಂದು ಇವನಿಗೆ ಆಗ ಗೊತ್ತಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದನಲ್ಲ, ಇದು ಹೊಟ್ಟೆಯದೇ ಅಲ್ಲ. ಎಲ್ಲಿಂದಲೋ ಬಂದು ಮೈಯೆಲ್ಲ ಹರಡುವ ಒಂದು ದೊಡ್ಡ ಬೇಡ ಎನ್ನುವ ಭಾವ. ತಂಗಿ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದದ್ದು ಇದಕ್ಕೆ. ಇವನೂ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡ. ಅಮ್ಮನಿಗೆ ನೋಡುವುದೂ ಬೇಕಾಗಲಿಲ್ಲ. ಕೈ ಹಾಕಿ ಇವನ ಜೇಬಿನಿಂದ ಕವರು ಎಳೆದು, ಒಂದೇ ಸಲ ಕೊಡವಿ ಬಿಡಿಸಿ ಬಾಯಿಗೆ ಹಿಡಿದಳು. "ಗಾಡಿ ನಿಲ್ಸಪ್ಪ, ನನ್ನ ಮಗನಿಗೆ ಮೊದಲಿಂದಲೂ ಆಗಲ್ಲ," ಎಂದು ಡ್ರೈವರಿಗೆ ಹೇಳಿದಳು.

ರಸ್ತೆಯ ಪಕ್ಕ, ಮುಚ್ಚಿದ ಅಂಗಡಿಯೊಂದರ ಮುಂದೆ ಇವನು ಮಂಡಿಯೂರಿ ಇನ್ನೂ ಎರಡು ಸಲ ಕಾರಿದ. ಕಣ್ಣಿಂದ, ಮೂಗಿಂದ ನೀರು. ಬೆನ್ನ ಮೇಲೆ ಒಂದು ಕೈ ಮೇಲಿಂದ ಕೆಳಕ್ಕೆ ಸವರುತ್ತಿತ್ತು. ತಿರುಗಿ ನೋಡಿದರೆ ಅಮ್ಮ ಇಳಿದು ಬಂದು, ಇವನ ಮೇಲೆ ಬಗ್ಗಿ ನಿಂತಿದ್ದಾಳೆ. ಬಗ್ಗಬೇಡ, ಬಗ್ಗಬೇಡಮ್ಮ ಎಂದ. ಅವಳು ಆಗಲೇ ಬಗ್ಗಿ ಇವನ ಬಾಯಿ ಒರೆಸಿದ್ದಳು. ಮೆಲ್ಲಗೆ ನೆಟ್ಟಗಾಗಿ, ಗೋಡೆಯನ್ನೂ ಬೀದಿಯನ್ನೂ ಒಂದು ಕ್ಷಣ ನೋಡಿ, "ನೋಡು, ಏನೂ ತಿರುಗ್ತಿಲ್ಲ. ಎಲ್ಲ ಇದ್ದಲ್ಲೇ ಇದೆ," ಎಂದಳು ಸಂತೋಷದಿಂದ. ಇವನಿಗೆ ಬೀದಿ ಇನ್ನೂ ಓಲಾಡುತ್ತಿತ್ತು. "ಏನೂ ಆಗಿಲ್ಲವಂತೆ ಇವನಿಗೆ, ಯಾವತ್ತೂ ಆಗಿಲ್ಲವಂತೆ," ಎಂದು ಡ್ರೈವರ ಕಡೆ ನೋಡಿ ಅವಳು ನಕ್ಕಳು. ಆ ನಗೆಯಲ್ಲಿ ಎಷ್ಟು ಪ್ರೀತಿಯಿತ್ತೆಂದರೆ ಇವನಿಗೆ ಅದನ್ನು ನೋಡಲಾಗಲಿಲ್ಲ.

ಡ್ರೈವರು ಇವನ ಕೈಗೆ ನೀರಿನ ಬಾಟಲಿ ಕೊಟ್ಟು, ಬಳಸಿ ಬಂದು ಮುಂದಿನ ಬಾಗಿಲು ತೆಗೆದು ಹಿಡಿದ. ಅಮ್ಮ ಹಿಂದೆ ಹತ್ತಿ, ತನ್ನ ತಲೆಯನ್ನು ತಾನೇ ಎರಡು ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದಳು. ಇವನು ಬಾಯಿ ಮುಕ್ಕಳಿಸಿ ಉಗಿದು, ಹೋಗಿ ಮುಂದಿನ ಸೀಟಿನಲ್ಲಿ ಕುಳಿತ.